ನಗುವವರ ನಡುವೆ ನಿದ್ದೆ

"ಮೇಡಂ... ಸಿನಿಮಾ ಮುಗಿಯಿತು."

ದೀಪಶ್ರೀ ಬೆಚ್ಚಿ ಕಣ್ಣು ತೆರೆದಳು. ಪುತ್ತೂರಿನ ಆ ಥಿಯೇಟರಿನಲ್ಲಿ ದೀಪಗಳೆಲ್ಲ ಹೊತ್ತಿಕೊಂಡಿದ್ದವು, ಜನ ಹೊರಟುಹೋಗಿದ್ದರು. ಎದುರಿಗೆ ಗಡ್ಡ ಬಿಟ್ಟ ಯುವಕನೊಬ್ಬ ನಿಂತಿದ್ದ. ಮುಖದಲ್ಲಿ ಇದ್ದದ್ದು ಸಿಟ್ಟೋ ಸಂಕಟವೋ ತಿಳಿಯುವಂತಿರಲಿಲ್ಲ.

"ಚೆನ್ನಾಗಿತ್ತು," ಎಂದಳು ಗಡಿಬಿಡಿಯಲ್ಲಿ.

"ಎಂತ ಚೆನ್ನಾಗಿತ್ತು? ಪರದೆಯಲ್ಲಿ ಹೆಸರು ಬೀಳುವಾಗಲೇ ನೀವು ಮಲಗಿದ್ರಿ."

ಅವಳಿಗೆ ನಾಚಿಕೆಯಾಯಿತು. ಅದರ ಬೆನ್ನಿಗೇ ರೇಗಿಹೋಯಿತು.

"ಟಿಕೆಟ್ ತೆಗೆದದ್ದು ನಾನು. ನೋಡುದೋ ಮಲಗುದೋ ನನ್ನಿಷ್ಟ."

ಅಷ್ಟು ಹೇಳಿ ಹೊರಗೆ ಬಂದವಳಿಗೆ ಬಸ್ಸಿನಲ್ಲಿ ಕುಳಿತ ಮೇಲೆ ನಗು ಬರುವಂತಾಯಿತು. ಆದರೆ ನಗಲಿಕ್ಕೂ ತ್ರಾಣ ಬೇಕಲ್ಲ!

ಅಂದು ಅಲ್ಲಿ ನಗದೆ ಉಳಿದವಳು ಅವಳೊಬ್ಬಳೇ ಇರಬೇಕು. 'ಮೂರು ಒಲೆಯ ಮನೆ' ಕ್ರಿಸ್‌ಮಸ್ ವಾರಕ್ಕೆ ಬಂದ ಸಣ್ಣ ಸಿನಿಮಾ. ಕಡಬದ ಒಂದು ಮನೆಯಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಅಂಗಳದಲ್ಲಿ, ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಲ್ಲಿ, ಮೂರು ಗೋದಲಿ ಕಟ್ಟುತ್ತಾರೆ. ಅಜ್ಜಿ ಮೂರರಿಂದಲೂ ಬಾಲಯೇಸುವಿನ ಗೊಂಬೆ ಕದ್ದು ಅಕ್ಕಿ ಡಬ್ಬಿಯಲ್ಲಿ ಅಡಗಿಸಿಟ್ಟು, ನೀವು ಒಟ್ಟಿಗೆ ಊಟಕ್ಕೆ ಕೂತರೆ ಮಾತ್ರ ದೇವರು ಹುಟ್ಟುತ್ತಾನೆ ಎನ್ನುತ್ತಾಳೆ. ದೊಡ್ಡ ನಟರಿಲ್ಲ, ಹೊಡೆದಾಟವಿಲ್ಲ. ಆದರೂ ಕಡಬದಿಂದ ಜನ ಚರ್ಚಿನ ಪೂಜೆ ಮುಗಿಸಿ ಜೀಪು ಮಾಡಿಕೊಂಡು ಬಂದರು. ಬೆಳ್ಳಾರೆಯಿಂದ, ಸುಳ್ಯದಿಂದ ಅಜ್ಜಿಯಂದಿರನ್ನು ಕೈಹಿಡಿದು ಕರೆತಂದರು. ಇದು ನಮ್ಮನೆಯದ್ದೇ ಕಥೆ ಎಂದು ಹೇಳಿಕೊಂಡವರಲ್ಲಿ ಎಲ್ಲ ಜಾತಿಯವರೂ ಇದ್ದರು. ಮಾತು ಬಿಟ್ಟ ಅಣ್ಣತಮ್ಮಂದಿರಿಗೆ ನಮ್ಮಲ್ಲಿ ಏನು ಬರಗಾಲ?

ದೀಪಶ್ರೀಗೆ ಇದೊಂದೂ ಗೊತ್ತಿರಲಿಲ್ಲ. ವಾರವಿಡೀ ಸೀರೆ ಅಂಗಡಿಯಲ್ಲಿ ನಿಂತು ಸೀರೆ ಬಿಡಿಸುವುದು, ಮಡಚುವುದು. ನರಿಮೊಗರಿನ ಮನೆಗೆ ಬಂದರೆ ಅಮ್ಮ ಕೌಸಲ್ಯಾ. ಸ್ಟ್ರೋಕ್ ಆದ ಮೇಲೆ ಅವರ ಎಡಗೈ ಏಳುತ್ತಿರಲಿಲ್ಲ. ಬಾಯಿ ಓರೆಯಾಗುತ್ತದೆಂದು ನಗುವುದನ್ನೇ ಬಿಟ್ಟಿದ್ದರು. ಅವಳು ಅಂಗಡಿಯಲ್ಲಿರುವಾಗ ಆಗಾಗ ಬಂದು ನೋಡಿ ಹೋಗುವ ನೆರೆಯ ಪೂವಮ್ಮ ಭಾನುವಾರ ಮಧ್ಯಾಹ್ನ ಪೂರ್ತಿ ಬಂದು ಕೂರುತ್ತಿದ್ದರು, ಮಗಳು ಹೊರಗಿನ ಗಾಳಿ ಕುಡಿದು ಬರಲಿ ಎಂದು.

ಮುಂದಿನ ಭಾನುವಾರವೂ ಅವಳು ಅದೇ ಥಿಯೇಟರಿಗೆ ಹೋದಳು. ಅದೇ ಸಿನಿಮಾ, ಅದೇ ನಿದ್ದೆ. ಮಧ್ಯಂತರದಲ್ಲಿ ಎಚ್ಚರವಾದಾಗ ಆ ಗಡ್ಡದವನು ಚಹಾ ಹಿಡಿದು ನಿಂತಿದ್ದ. ಥಿಯೇಟರಿನ ಕೆಲಸದವನಿರಬೇಕು ಎಂದುಕೊಂಡಳು. ಹೆಸರು ಸುದರ್ಶನ ಎಂದ. ಸಿನಿಮಾ ಅಷ್ಟು ಬೋರಾ ಎಂದು ಮೆಲ್ಲಗೆ ಕೇಳಿದ. ಆ ದನಿಯಲ್ಲಿ ಎಷ್ಟು ಅಳುಕಿತ್ತೆಂದರೆ, ಅವಳಿಗೆ ಸುಳ್ಳು ಹೇಳಲಾಗಲಿಲ್ಲ.

"ಬೋರಲ್ಲ ಮಾರಾಯ್ರೆ. ಮನೆಯಲ್ಲಿ ಎಂತ ಶಬ್ದ ಬಂದ್ರೂ ಅಮ್ಮ ಬಿದ್ರಾ ಅಂತ ಓಡುದು ನಾನು. ಇಲ್ಲಿ ಶಬ್ದ ಬಂದ್ರೆ ಯಾರೋ ನಗ್ತಿದ್ದಾರೆ, ಅಷ್ಟೆ. ಹಾಗೆ ಇಲ್ಲಿ ನಿದ್ದೆ ಬರ್ತದೆ."

ಅವನು ಅವಳ ಕೈಯಿಂದ ಖಾಲಿ ಲೋಟ ತೆಗೆದುಕೊಂಡು ಹೋದ. ಸಿನಿಮಾ ಮುಗಿದಾಗ ಅವನೇ ಎಬ್ಬಿಸಿದ, ಬಸ್ಸಿನವರೆಗೆ ಜೊತೆಗೆ ನಡೆದ. ಅಮ್ಮನ ಬಗ್ಗೆ ಕೇಳಿದ, ಅವಳ ಬಗ್ಗೆಯೂ ಕೇಳಿದ. ತನ್ನ ಬಗ್ಗೆ ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತು! ಆ ವಾರ ಸೀರೆ ಮಡಚುವಾಗ ಅವಳ ಮನಸ್ಸು ಭಾನುವಾರವನ್ನೇ ಕಾಯುತ್ತಿತ್ತು.

ಭಾನುವಾರಕ್ಕೆ ಮೊದಲೇ ಕಲ್ಲು ಬಿತ್ತು. ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುವ ಆಫ್ರಾ ಮೊಬೈಲು ಹಿಡಿದು ಬಂದು, ಇದು ನಿನ್ನ ಸುದ್ದಿಯಾ ಎಂದು ಕೇಳಿದಳು. ಯೂಟ್ಯೂಬ್ ಚಾನೆಲ್ಲಿನವರು ಸುದರ್ಶನನ ಮುಂದೆ ಮೈಕು ಹಿಡಿದಿದ್ದರು. ಅವನು ಸಿನಿಮಾದ ನಿರ್ದೇಶಕ! ಜನ ಹೇಗೆ ಸ್ವೀಕರಿಸಿದ್ದಾರೆ ಎಂಬ ಪ್ರಶ್ನೆಗೆ ಅವನು ನಗುತ್ತ, ಪುತ್ತೂರಿನಲ್ಲಿ ಒಬ್ಬರು ಸೀರೆ ಅಂಗಡಿ ಮೇಡಂ ಪ್ರತಿ ಭಾನುವಾರ ಟಿಕೆಟ್ ತೆಗೆದು ಮಲಗಲಿಕ್ಕೇ ಬರುತ್ತಾರೆ ಎಂದಿದ್ದ. ವಿಡಿಯೋದ ಕೆಳಗೆ ಕಾಮೆಂಟುಗಳಲ್ಲಿ ಊರಿಡೀ ಗೇಲಿ. ನಿದ್ದೆ ಮಾತ್ರೆ ಸಿನಿಮಾ ಎಂದು ಬರೆದವರು ಕೆಲವರು, ಆ ಮೇಡಮ್ಮಿಗೆ ಗಂಡನ ಮನೆಯಲ್ಲಿ ಮಂಚವಿಲ್ಲವಾ ಎಂದು ಬರೆದವರು ಕೆಲವರು.

'ನನ್ನ ಆಯಾಸ ಇವನಿಗೆ ತಮಾಷೆಯಾಯಿತಲ್ಲ...'

ಅವಳು ಅಳಲಿಲ್ಲ. ಗಿರಾಕಿ ಕಾಯುತ್ತಿದ್ದರು, ಸೀರೆ ಬಿಡಿಸಿದಳು. ಮುಂದಿನ ಭಾನುವಾರ ಮನೆಯಲ್ಲೇ ಉಳಿದಳು. ಗೇಲಿಯ ಪೆಟ್ಟು ಸಿನಿಮಾಕ್ಕೂ ಬಿದ್ದು, ಜನ ಕಡಿಮೆಯಾಗಿ, ಆ ವಾರವೇ ಅದನ್ನು ಥಿಯೇಟರಿನಿಂದ ಎತ್ತಿಬಿಟ್ಟರು.

ಅದರ ಮರುವಾರ ಪೂವಮ್ಮ ಪಂಜದ ನೆಂಟರ ಮನೆಗೆ ಹೋಗಿದ್ದ ಭಾನುವಾರ ಮಧ್ಯಾಹ್ನ, ಅಂಗಡಿಯಲ್ಲಿ ವಿಳಾಸ ಕೇಳಿಕೊಂಡು ಸುದರ್ಶನ ನರಿಮೊಗರಿಗೆ ಬಂದ. ದೀಪಶ್ರೀ ಬಾಗಿಲಿಗೆ ಅಡ್ಡ ನಿಂತಳು.

"ಇನ್ನೆಂತ ಉಂಟು? ಇಲ್ಲಿಗೂ ಮೈಕು ತಂದಿದ್ದೀರಾ?"

"ಇಲ್ಲ. ಜನ ನಗಲಿ ಅಂತ ಹೇಳಿದೆ. ನಿಮ್ಮ ಸಂಕಟ ಗೊತ್ತಿದ್ದೂ ಹೇಳಿದೆ. ತಪ್ಪು ನನ್ನದೇ."

ನೆಪ ಹೇಳುತ್ತಾನೆಂದು ಕಾದಿದ್ದಳು, ಹೇಳಲಿಲ್ಲ.  ಅಷ್ಟರಲ್ಲಿ ಒಳಗಿನಿಂದ ಕೌಸಲ್ಯಾ ತೊದಲುತ್ತ, ಯಾರು ಬಂದದ್ದು, ಒಳಗೆ ಕರಿ ಎಂದರು. ಅಮ್ಮನ ಮಾತು ಮೀರಲಾಗದೆ ಅವಳು ದಾರಿ ಬಿಟ್ಟಳು. ಸಿನಿಮಾದವನೆಂದು ತಿಳಿದದ್ದೇ ತಡ, ನಿನ್ನ ಸಿನಿಮಾ ತೋರಿಸು ಎಂದು ಅಮ್ಮ ಹಟ ಹಿಡಿದರು. ಅವನು ಚೀಲದಿಂದ ಲ್ಯಾಪ್‌ಟಾಪ್ ತೆಗೆದ. ಅವಳು ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರು ಅಳೆದಿಟ್ಟು, ಗೋಡೆಗೊರಗಿ ಒಂದು ಗಳಿಗೆ ಕೂತಳು.

ಒಂದು ವಿಚಿತ್ರ ಸದ್ದಿಗೆ ಎಚ್ಚರವಾಯಿತು. ಒರಟಾದ, ಮುರಿದ ಸದ್ದು. ಅಮ್ಮ! ಅವಳು ಓಡಿದಳು.

ಕೌಸಲ್ಯಾ ನಗುತ್ತಿದ್ದರು. ಬಾಯಿ ಪೂರ್ತಿ ಓರೆಯಾಗಿತ್ತು, ಕಣ್ಣಲ್ಲಿ ನೀರು ಬಂದಿತ್ತು, ಬಲಗೈಯಿಂದ ಹಾಸಿಗೆ ಬಡಿಯುತ್ತಿದ್ದರು. ಮುಖ ಮುಚ್ಚಿಕೊಳ್ಳಬೇಕೆಂಬುದೇ ಅವರಿಗೆ ನೆನಪಿರಲಿಲ್ಲ. ಸುದರ್ಶನ ಅವರ ಬೆನ್ನಿಗೆ ದಿಂಬು ಸರಿಮಾಡುತ್ತಿದ್ದ.

ದೀಪಶ್ರೀ ಬಾಗಿಲಲ್ಲೇ ಕುಸಿದು ಕುಳಿತು ಅತ್ತಳು. ಅಷ್ಟು ದಿನ ಅಳದೆ ಉಳಿಸಿಕೊಂಡದ್ದನ್ನೆಲ್ಲ ಅತ್ತಳು.

ಅವನು ಹೊರಡುವಾಗ ಅವಳು ಅಂಗಳದವರೆಗೆ ಬಂದಳು. ಇವನ ಮೇಲಿನ ಸಿಟ್ಟು ಎಲ್ಲಿ ಹೋಯಿತೆಂದು ಹುಡುಕಿದಳು, ಸಿಗಲಿಲ್ಲ. ಬದಲಿಗೆ ಸಿಕ್ಕಿದ್ದಕ್ಕೆ ಹೆಸರಿಡಲು ಹೆದರಿಕೆಯಾಯಿತು. ಹೆಸರಿಟ್ಟದ್ದು ಅವನೇ.

"ದೀಪಶ್ರೀ, ನನಗೆ ನೀವಂದ್ರೆ ಇಷ್ಟ. ಸಿನಿಮಾ ಇಲ್ಲದಿದ್ರೂ ಭಾನುವಾರ ಬರ್ಲಾ?"

"ಬನ್ನಿ. ಆದ್ರೆ ನನಗೆ ತುಂಬ ಬಚ್ಚಿದೆ, ಸುಸ್ತು... ಪ್ರೀತಿ ಮಾಡ್ಲಿಕ್ಕೂ ಶಕ್ತಿ ಇಲ್ಲ."

"ನೀವು ಮೊದಲು ನಿದ್ದೆ ಮಾಡಿ. ಅಷ್ಟರವರೆಗೆ ಇಬ್ಬರ ಪಾಲಿನದ್ದೂ ನಾನೇ ಮಾಡ್ತೇನೆ."

ಅವಳು ಮೊದಲ ಬಾರಿಗೆ ಅವನ ಮುಖವನ್ನು ನೇರ ನೋಡಿದಳು.

"ನನ್ನ ಪಾಲಿನದ್ದು ಮುಟ್ಟಬೇಡಿ," ಎಂದಳು. "ಅದು ನಾನೇ ಮಾಡುದು. ನಿಧಾನಕ್ಕೆ."