ಬೂಬಣ್ಣನ ಹೆಸರಿನಲ್ಲಿ ತೆರೆದ ಬಾಗಿಲು

ಸೋಮವಾರ ಬೆಳಿಗ್ಗೆ ಕಾಪುವಿನ ದೋಣಿ ಮಾಲಕರ ಸಂಘದ ಗೋದಾಮು ತೆರೆದಾಗ ಒಂದು ಕಪಾಟು ಬರಿದಾಗಿತ್ತು. ಕಡಲಿನಲ್ಲಿ ಮೀನಿನ ಹಿಂಡು ಎಲ್ಲುಂಟೆಂದು ತೋರಿಸುವ ಎಂಟು ಹೊಸ ಯಂತ್ರಗಳು ಮಾಯ. ಬಾಗಿಲು ಮುರಿದಿರಲಿಲ್ಲ. ಕಿಟಕಿಯ ಸರಳು ಅಲುಗಿರಲಿಲ್ಲ.

ಎಸ್‌ಐ ಭವ್ಯಶ್ರೀ ಬಾಗಿಲ ಪಕ್ಕದ ಕೀಪ್ಯಾಡ್ ನೋಡಿದಳು. ತಮ್ಮ ತಮ್ಮ ಪಾಸ್‌ವರ್ಡ್ ಹಾಕಿ ಎಂಟರ್ ಒತ್ತಿದರೆ ಬಾಗಿಲು ತೆರೆಯುತ್ತದೆ. ತೆರೆದವರ ಹೆಸರು, ಹೊತ್ತು ಎರಡನ್ನೂ ಅದೇ ಬರೆದಿಟ್ಟುಕೊಳ್ಳುತ್ತದೆ.

“ಭಾನುವಾರ ಮಧ್ಯಾಹ್ನ ಒಂದು ಹತ್ತು. ಬೂಬ,” ಎಂದು ಓದಿದ ಮ್ಯಾನೇಜರ್ ಸುಕೇಶ್. “ಪಾಸ್‌ವರ್ಡ್ ಇರುವುದು ನಮ್ಮಿಬ್ಬರಿಗೆ ಮಾತ್ರ ಮೇಡಂ. ನಾನು ಮದುವೆ ಊಟದಲ್ಲಿದ್ದೆ. ಇಡೀ ಊರೇ ಅಲ್ಲಿತ್ತು.”

“ದಿನಾ ಬಾಗಿಲು ತೆರೆಯುವುದು ಯಾರು?”

“ಬೆಳಿಗ್ಗೆ ಎಂಟಕ್ಕೆ ನಾನೇ. ಬೂಬ ಬರುವುದು ಸಂಜೆ, ಬಲೆ ಇಡಲಿಕ್ಕೆ.”

ಬಲೆ ರಿಪೇರಿ ಮಾಡುವ ಬೂಬಣ್ಣನಿಗೆ ಎಪ್ಪತ್ತು ದಾಟಿತ್ತು. “ನಾನು ದೋಣಿಯ ನೆರಳಲ್ಲಿ ಮಲಗಿದ್ದೆ. ನೋಡಿದವರು ಯಾರೂ ಇಲ್ಲ,” ಎಂದರು ಮೆಲ್ಲಗೆ.

“ಯಂತ್ರಕ್ಕೆ ಸುಳ್ಳು ಹೇಳಲಿಕ್ಕೆ ಗೊತ್ತುಂಟಾ ಮೇಡಂ?” ಎಂದ ಸುಕೇಶ್.

ಭವ್ಯಶ್ರೀಗೂ ಹಾಗೇ ಅನಿಸಿತು. ಬೂಬಣ್ಣನನ್ನು ಠಾಣೆಗೆ ಕರೆಸಿ ಬೆಂಚಿನಲ್ಲಿ ಕೂರಿಸಿದಳು. ಸುದ್ದಿ ಹರಡಲು ಗಂಟೆಯೂ ಹಿಡಿಯಲಿಲ್ಲ. ರಿಪೇರಿಗೆ ಕೊಟ್ಟ ಬಲೆಗಳನ್ನು ಜನ ಅವರ ಜಗಲಿಯಿಂದ ಹೊತ್ತುಕೊಂಡು ಹೋದರು.

* * *

ಬೀಗದ ಪ್ರೋಗ್ರಾಂ ಬರೆದವನು ಮಣಿಪಾಲದ ವಿದ್ಯಾರ್ಥಿ ಡ್ಯಾರಿಲ್. ಒಳಗುಟ್ಟು ಬಲ್ಲವನು. ಭವ್ಯಶ್ರೀಯ ಅನುಮಾನ ಅವನ ಮೇಲೂ ಹೊರಳಿತು.

“ಭಾನುವಾರ ಒಂದು ಗಂಟೆಗೆ ಎಲ್ಲಿದ್ದೆ?”

“ಭಾನುವಾರವೂ ಪರೀಕ್ಷೆ ಇತ್ತು ಮೇಡಂ, ಬರೀತಿದ್ದೆ. ಬೇಕಾದರೆ ಹಾಜರಿ ನೋಡಿ.”

ಹಾಜರಿ ಸರಿಯಾಗಿಯೇ ಇತ್ತು. ಡ್ಯಾರಿಲ್ ಪ್ರೋಗ್ರಾಮನ್ನೂ ಎರಡು ತಿಂಗಳ ದಾಖಲೆಯನ್ನೂ ಮುದ್ರಿಸಿ ಕೊಟ್ಟ. ಸಿ ಭಾಷೆಯಲ್ಲಿ ಬರೆದದ್ದು. ಡಿಪ್ಲೊಮಾ ಓದುವಾಗ ಭವ್ಯಶ್ರೀಯನ್ನು ಎರಡು ಸಲ ಫೇಲ್ ಮಾಡಿದ್ದ ವಿಷಯ. ಮೂರನೆಯ ಸಲ ಕೈಹಿಡಿದು ದಾಟಿಸಿದವರು ಕಾನ್ಸೆಪ್ಟಾ ಟೀಚರ್. ಈಗ ನಿವೃತ್ತರಾಗಿ ಕಾರ್ಕಳದಲ್ಲಿದ್ದರು. ಜೀಪು ಅತ್ತ ತಿರುಗಿತು.

* * *

ಟೀಚರ್ ಕನ್ನಡಕ ಏರಿಸಿ ಹಾಳೆ ತಿರುವಿದರು. ಒಂದು ಸಾಲಿನ ಮೇಲೆ ಬೆರಳು ನಿಂತಿತು.

“ಇದೆಂತ ಭವ್ಯಾ? ಎರಡು ಪದ ಒಂದೇ ಹೌದಾ ಅಂತ ಹೋಲಿಸುವಾಗ ಎಷ್ಟು ಅಕ್ಷರ ನೋಡಬೇಕು?”

“ಪೂರ್ತಿ, ಟೀಚರ್.”

“ಈ ಹುಡುಗ ಪೂರ್ತಿ ನೋಡಲಿಲ್ಲ. ಬಂದವನು ಎಷ್ಟು ಅಕ್ಷರ ಒತ್ತಿದನೋ ಅಷ್ಟನ್ನೇ ಹೋಲಿಸಿದ್ದಾನೆ. ಮೂರು ಒತ್ತಿದರೆ ಮೂರು. ಏನೂ ಒತ್ತದೆ ಬರೀ ಎಂಟರ್ ಒತ್ತಿದರೆ?”

“ಸೊನ್ನೆ ಅಕ್ಷರ.”

“ಏನನ್ನೂ ಹೋಲಿಸದಿದ್ದರೆ ವ್ಯತ್ಯಾಸ ಎಲ್ಲಿ ಸಿಗ್ತದೆ? ಎರಡೂ ಒಂದೇ ಅಂತ ಉತ್ತರ ಬರ್ತದೆ. ಬಾಗಿಲು ತೆರೀತದೆ. ಯಾರ ಹೆಸರಿನಲ್ಲಿ?”

ಬೀಗ ಮೇಲಿನಿಂದ ಒಂದೊಂದಾಗಿ ಹೋಲಿಸುತ್ತಾ ಬರುವ ಹೆಸರುಗಳ ಪಟ್ಟಿಯನ್ನು ಭವ್ಯಶ್ರೀ ನೋಡಿದಳು. ಹಿರಿಯರೆಂದು ಡ್ಯಾರಿಲ್ ಮೊದಲು ಬರೆದಿದ್ದ ಹೆಸರು ಬೂಬ. ಅವಳು ತಕ್ಷಣ ಠಾಣೆಗೆ ಫೋನ್ ಮಾಡಿದಳು.

“ಬೂಬಣ್ಣನನ್ನು ಮನೆಗೆ ಬಿಟ್ಟು ಬನ್ನಿ. ಮೊದಲು ಅವರಿಗೆ ಊಟ ಕೊಡಿಸಿ.”

ಆಮೇಲೆ ದಾಖಲೆಯನ್ನು ಮೊದಲಿನಿಂದ ಓದಿದಳು. ಅರ್ಧ ಓದುವಷ್ಟರಲ್ಲಿ ಟೀಚರ್ ಹತ್ತಿರ ಪೆನ್ಸಿಲ್ ಕೇಳಿ ಪಡೆದು ಕೆಲವು ಸಾಲುಗಳಿಗೆ ಗುರುತು ಹಾಕಿದಳು.

* * *

ಮಂಗಳವಾರ ಬೆಳಿಗ್ಗೆ ಗೋದಾಮಿನ ಎದುರು ಸಂಘದವರೆಲ್ಲ ಸೇರಿದ್ದರು. ಭವ್ಯಶ್ರೀ ಒಂದೂ ಅಕ್ಷರ ಒತ್ತದೆ ಎಂಟರ್ ಮಾತ್ರ ಒತ್ತಿದಳು. ಬಾಗಿಲು ತೆರೆಯಿತು. ಪರದೆಯಲ್ಲಿ ಬೂಬಣ್ಣನ ಹೆಸರು ಬಂತು. ಜನ ಗುಸುಗುಟ್ಟಿದರು.

“ಹಾಗಾದ್ರೆ ಯಾರು ಬೇಕಾದ್ರೂ ಕದ್ದಿರಬಹುದು ಅಲ್ವಾ?” ಎಂದ ಸುಕೇಶ್.

“ಗುಟ್ಟು ಗೊತ್ತಿದ್ದವನು ಕದ್ದಿರಬಹುದು. ದಿನಾ ಬೆಳಿಗ್ಗೆ ಎಂಟಕ್ಕೆ ತೆರೆಯುವುದು ನೀವೇ ಅಂತ ಹೇಳಿದಿರಿ?”

“ಹೌದು.”

“ಇಪ್ಪತ್ತಮೂರು ದಿನಗಳಿಂದ ಎಂಟು ಗಂಟೆಗೆ ಬಿದ್ದ ಹೆಸರು ಬೂಬ. ಆ ಹೊತ್ತಿಗೆ ಬೂಬಣ್ಣ ಕಡಲ ಬದಿಯಲ್ಲಿರುತ್ತಾರೆ, ಇವರೆಲ್ಲ ನೋಡುತ್ತಾರೆ. ಒಂದು ದಿನ ಕೈತಪ್ಪಿ ಎಂಟರ್ ಒತ್ತಿದಿರಿ, ಬಾಗಿಲು ತೆರೆಯಿತು. ಆಮೇಲೆ ಪಾಸ್‌ವರ್ಡಿನ ಗೊಡವೆಯೇ ಬೇಡವಾಯಿತು. ಕದ್ದರೂ ಹೆಸರು ಇನ್ನೊಬ್ಬರದು ಅಂತ ಹೊಳೆದದ್ದು ಆಗಲೇ. ನಿನ್ನೆ, ಕಳವು ಹೊರಬಿದ್ದ ದಿನ ಮಾತ್ರ ಎಂಟಕ್ಕೆ ಸುಕೇಶ್ ಅಂತ ಉಂಟು. ಅದೊಂದು ದಿನ ಯಾಕೆ ಅಷ್ಟು ಜಾಗ್ರತೆ?”

ಸುಕೇಶ್ ಜನರತ್ತ ತಿರುಗಿದ. “ಊಟದಲ್ಲಿ ನನ್ನನ್ನು ನೋಡಿದವರು...”

“ನೋಡಿದ್ದಾರೆ. ಬಡಿಸುವಾಗಲೂ, ವೀಳ್ಯ ಹಾಕುವಾಗಲೂ. ನಡುವಿನ ಅರ್ಧ ಗಂಟೆ ನೋಡಿದವರು ಒಬ್ಬರೂ ಸಿಗಲಿಲ್ಲ. ಪರ್ಕಳದಲ್ಲಿ ನೀವು ಹೋದ ವಾರ ಬಾಡಿಗೆಗೆ ಹಿಡಿದ ಕೋಣೆಯ ಸುದ್ದಿಯೂ ನಿನ್ನೆ ರಾತ್ರಿ ವಿಚಾರಿಸುವಾಗ ಸಿಕ್ಕಿತು. ನಮ್ಮವರು ಈಗಷ್ಟೇ ಅಲ್ಲಿಗೆ ಹೋದರು.”

ಎಂಟೂ ಯಂತ್ರಗಳು ಆ ಕೋಣೆಯ ಮಂಚದಡಿಯಲ್ಲಿ ಸಿಕ್ಕವು.

ಭವ್ಯಶ್ರೀ ನೇರ ಬೂಬಣ್ಣನ ಮನೆಗೆ ಹೋದಳು. “ನನ್ನಿಂದ ತಪ್ಪಾಯಿತು,” ಎಂದಳು. ಅವರು ಕೈಮುಗಿಯಲು ಹೊರಟಾಗ ತಡೆದಳು. “ನನಗಲ್ಲ ಬೂಬಣ್ಣ. ಪಾಠ ಕಲಿಸಿದವರು ಕಾರ್ಕಳದಲ್ಲಿದ್ದಾರೆ.”

* * *

ಶನಿವಾರ ಟೀಚರ್ ಫೋನ್ ಮಾಡಿದರು.

“ಭವ್ಯಾ, ಬೂಬಣ್ಣ ಅಂತ ಒಬ್ಬರು ಬಂದಿದ್ದರು ಮಾರಾಯ್ತಿ. ಎರಡು ಬಸ್ಸು ಬದಲಿಸಿಕೊಂಡು.”

“ಎಂತ ಹೇಳಿದರು ಟೀಚರ್?”

“ಆ ಸಾಲನ್ನು ಕಾಗದದಲ್ಲಿ ಬರೆದು ತೋರಿಸಿದೆ. ತುಂಬ ಹೊತ್ತು ನೋಡಿದರು. ‘ನನಗೆ ಇದು ಅರ್ಥ ಆಗ್ಲಿಲ್ಲ ಟೀಚರ್. ಆದ್ರೆ ಇವತ್ತು ಬೆಳಿಗ್ಗೆ ನಾಲ್ಕು ದೋಣಿಯವರು ಬಲೆ ತಂದು ನನ್ನ ಜಗಲಿಯಲ್ಲಿ ಇಟ್ಟು ಹೋದರು’ ಅಂದರು. ಮೂವತ್ತೆರಡು ವರ್ಷ ಅದೇ ಪಾಠ ಮಾಡಿದ್ದೇನೆ ನೋಡು, ಅದರಿಂದ ಒಬ್ಬರ ಜಗಲಿಗೆ ಬಲೆ ವಾಪಸ್ ಬಂದದ್ದು ಇದೇ ಮೊದಲು.”