ಅಳತೆಗೊಂದು ಬೆರಳು

"ಕೈ ತೆಗೀಬೇಡ್ರೀ! ಹಾಗೇ ಇರ್ಲಿ!"

ವಿಷ್ಣುಕ್ರಾಂತಿಯ ಹೂವಿಗೆ ಚಾಚಿದ್ದ ಸರ್ವಮಂಗಳಳ ಬೆರಳು ಅಲ್ಲೇ ನಿಂತಿತು. ಹಾಲ್ಕುರಿಕೆಯ ಹೊಲದ ಬದುವಿನಲ್ಲಿ ಬೋರಲು ಮಲಗಿದ್ದ ಯುವಕ ಕ್ಯಾಮೆರಾ ಕ್ಲಿಕ್ಕಿಸಿದ.

"ಹೂವಿನ ಫೋಟೋಗೆ ನನ್ನ ಬೆರಳ್ಯಾಕೆ?"

"ಅಳತೆಗೆ ಕಣ್ರೀ. ಹೂವು ಎಷ್ಟು ಚಿಕ್ಕದು ಅಂತ ನೋಡಿದೋರಿಗೆ ಗೊತ್ತಾಗ್ಬೇಕಲ್ಲ? ಸ್ಕೇಲು ಮನೇಲೇ ಮರೆತೆ."

ಅವನು ಜ್ಞಾನೇಶ್, ತಿಪಟೂರಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ಮುಂದಿನ ಮೂರು ಭಾನುವಾರವೂ ಅವನು ಸ್ಕೇಲು ಮರೆತ. ಮೂರು ಭಾನುವಾರವೂ ಅವಳು ತೋಟಕ್ಕೆ ಬುತ್ತಿ ಒಯ್ಯುವ ನೆಪದಲ್ಲಿ ಬದುವಿನತ್ತ ನಡೆದಳು.

ಆಮೇಲೊಂದು ದಿನ ಕೊಬ್ಬರಿ ಹರಾಜಿಗೆ ತಿಪಟೂರಿಗೆ ಹೋಗಿದ್ದ ಅವಳ ತಂದೆ ಶಂಭುಲಿಂಗಯ್ಯನವರನ್ನು ವ್ಯಾಪಾರಿಯೊಬ್ಬ ತಡೆದು ನಕ್ಕ.

"ಏನ್ ಶಂಭಣ್ಣ, ನಿಮ್ಮವ್ವನ ಹಾವಿನುಂಗುರ ಫೋಟೋ ಸ್ಟುಡಿಯೋದಾಗೈತಲ್ಲ!"

ಸ್ಟುಡಿಯೋದ ಗಾಜಿನ ಹಿಂದೆ, ದೊಡ್ಡದು ಮಾಡಿದ ಚಿತ್ರ. ನೀಲಿ ಹೂವಿನ ಪಕ್ಕದಲ್ಲಿ, ಹೆಡೆಯೆತ್ತಿದ ಬೆಳ್ಳಿಯುಂಗುರ ತೊಟ್ಟ ಬೆರಳು. ಆ ಉಂಗುರ ಈಗ ಯಾರ ಕೈಯಲ್ಲಿದೆಯೆಂದು ಊರಿಗೆಲ್ಲ ಗೊತ್ತು!

ಅಂದಿನಿಂದ ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯೇ ಸರ್ವಮಂಗಳಳ ಲೋಕ. ಬೀಗದ ಕೈ ಅಪ್ಪನ ಸೊಂಟದಲ್ಲಿ. ಎರಡು ವಾರ ಕಳೆದು ಬರುವ ಸೋಮವಾರ ಅರಳಗುಪ್ಪೆಯ ಗಂಡಿನವರು ನೋಡಲು ಬರುವವರಿದ್ದರು.

ಮೇಲೆ ಕೊಬ್ಬರಿಯಾಗಲು ಕಾದಿದ್ದ ಕಾಯಿಗಳೊಳಗೆ ನೀರು ಇಂಗುತ್ತಿತ್ತು; ಕೆಳಗೆ ಅವಳೊಳಗೆ ಮಾತು.

'ಕಾಯಿಗಳಿಗಾದರೂ ಹನ್ನೊಂದು ತಿಂಗಳಿಗೆ ಬಿಡುಗಡೆ... ನನಗೆ?'

ಬೀಗಕ್ಕಿಂತ ಉಸಿರುಗಟ್ಟಿಸಿದ್ದು ಇನ್ನೊಂದು. 'ಆ ಮೇಷ್ಟ್ರು ನನ್ನನ್ನು ಬೀದಿಗಿಟ್ಟನಲ್ಲ!'

ಹನ್ನೆರಡನೆಯ ದಿನ ಜಗುಲಿಯಲ್ಲಿ, ಬದುವಿನಲ್ಲಿ ಕೇಳಿದ್ದ ಅದೇ ದನಿ. ಅವಳು ಕಿಟಕಿಯ ಸರಳು ಹಿಡಿದಳು.

"ಸ್ಟುಡಿಯೋದವರು ನನ್ನ ಕೇಳ್ದೇ ಹಾಕಿದ್ರು ಸಾರ್. ಹೊಸ ರೋಲು ತೊಳೆಸೋಕೆ ಹೋದಾಗ್ಲೇ ನಾನು ನೋಡಿದ್ದು. ತೆಗೆಸಿ ತಂದಿದೀನಿ. ನೆಗೆಟಿವ್ವೂ ನಿಮಗೇ."

ಶಂಭುಲಿಂಗಯ್ಯ ನೆಗೆಟಿವ್ ಅನ್ನು ಬಿಸಿಲಿಗೆ ಹಿಡಿದರು. ಹೆಬ್ಬೆರಳಿನಷ್ಟು ಜಾಗದಲ್ಲಿ ಒಂದು ಹೂವು, ಒಂದು ಬೆರಳು. ಅವರ ಕೈ ತಾನಾಗಿ ಕೆಳಗಿಳಿಯಿತು.

"ಇಷ್ಟಕ್ಕೇನಾ ನಾನು..."

ಅವನು ಜಗುಲಿಯ ಮೇಲಿಟ್ಟಿದ್ದ ಹೊಸ ರೋಲಿನ ಚಿತ್ರಗಳನ್ನು ಎತ್ತಿಕೊಂಡರು.

"ಇವೇನಪ್ಪ? ಹೂವೆಲ್ಲ ಒಂದು ಮೂಲೇಲವೆ! ಈ ಕಡೆ ಬರೀ ಖಾಲಿ?"

ಜ್ಞಾನೇಶ್ ತಲೆ ತಗ್ಗಿಸಿದ. "ಅವರು ಬರ್ತಾರೇನೋ ಅಂತ... ಕೈಗೆ ಜಾಗ ಬಿಟ್ಟಿದ್ದೆ."

ಸರಳಿನ ಹಿಂದೆ ಸರ್ವಮಂಗಳಳ ಕಣ್ಣು ತುಂಬಿ ಬಂತು.

"ಅಪ್ಪಾಜಿ! ಬಾಗ್ಲು ತೆಗೀರಿ... ಸೋಮವಾರ ಯಾರೂ ಬರೋದು ಬೇಡ."

ಶಂಭುಲಿಂಗಯ್ಯ ಚಿತ್ರಗಳನ್ನು ಕೆಳಗಿಟ್ಟು, ಸೊಂಟದಿಂದ ಬೀಗದ ಕೈ ಬಿಚ್ಚಿದರು. ಆಮೇಲೆ ಬೀಗ ತೆರೆದುಕೊಂಡಿತು.

"ಹೆಣ್ ಕೇಳೋಕೆ ಹಿಂಗೆ ಒಬ್ನೇ ಬರ್ತಾರೇನಯ್ಯ? ಮನೇಲಿ ಹಿರೀರಿಲ್ವಾ?" ಎಂದು ಗದರಿದ ಶಂಭುಲಿಂಗಯ್ಯ, ಮಗಳ ಮುಖ ನೋಡಲಾರದೆ ತೋಟದತ್ತ ನಡೆದರು.

ಅವಳು ಜಗುಲಿಗೆ ಬಂದು, ಅಪ್ಪ ಇಟ್ಟುಹೋದ ಚಿತ್ರಗಳಲ್ಲಿ ಮೇಲಿನದರ ಖಾಲಿ ಜಾಗದಲ್ಲಿ ಬೆರಳಿಟ್ಟಳು. ಉಂಗುರ ಹೂವಿನ ಪಕ್ಕಕ್ಕೆ ಬಂತು.

"ಇವತ್ತೂ ಸ್ಕೇಲು ಮರೆತ್ರಾ?"

"ಯಾವತ್ತೂ ಮರೆತಿರ್ಲಿಲ್ಲ ಕಣ್ರೀ..." ಅವನು ಅಂಗಿಯ ಜೇಬು ಮುಟ್ಟಿಕೊಂಡ. "ಮೊದಲ್ನೇ ದಿನಾನೂ ಇಲ್ಲೇ ಇತ್ತು."