ಹಾಲಿಗೆ ಬಿದ್ದ ಹನಿ

ಆಸ್ಪತ್ರೆಯ ಔಷಧಿ ಕಿಟಕಿಯೆದುರು ಅವಳು ಮೊದಲ ಸಲ ನಿಂತಾಗ, ಒಳಗೆ ಔಷಧಿ ಕೊಡುತ್ತಿದ್ದ ಅವನಿಗೆ ಕಂಡದ್ದು ಬರೀ ಕೊಡೆ. ಕಟ್ಟಡದೊಳಗೆ ಬಂದಿದ್ದರೂ ಮಡಚಿರಲಿಲ್ಲ.

"ಇಲ್ಲಿ ಬಿಸಿಲು ಬರೋಲ್ಲ," ಅಂದ.

"ನಿಮಗೆ ಬರೋಲ್ಲ. ನನ್ನನ್ನ ಅದು ಹುಡುಕ್ಕೊಂಡು ಬರುತ್ತೆ," ಅಂದಳು. ಕೆನ್ನೆ ತುಂಬ ಹರಡಿದ್ದ ಕೆಂಪು, ನಕ್ಕಾಗ ಇನ್ನಷ್ಟು ಕೆಂಪಾಯಿತು. ಕೊಡಬೇಕಾದ ಶೀಶೆಯನ್ನು ಅವನು ಕೈಯಲ್ಲೇ ಹಿಡಿದು ನಿಂತುಬಿಟ್ಟ.

ಅವಳಿಗೆ ಲೂಪಸ್. ಬೇಲಿಯೇ ಎದ್ದು ಹೊಲ ಮೇಯ್ದಂತೆ, ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಯನ್ನು ತಿನ್ನುವ ಕಾಯಿಲೆ. ಬಿಸಿಲಿಗೆ ಹೋದರೆ ಅದು ಕೆರಳುತ್ತದೆ. ಹೋಗದಿದ್ದರೆ ವಿಟಮಿನ್ ಡಿ ಕಡಿಮೆಯಾಗುತ್ತದೆ. ಕಾಯಿಲೆಗೆ ನುಂಗುವ ಸ್ಟಿರಾಯ್ಡ್ ಬೇರೆ ಮೂಳೆಯನ್ನು ಸವೆಸುತ್ತದೆ. ಇಂಥ ಎಳೆಯರಿಗೆ ವಿಟಮಿನ್ ಹೆಚ್ಚಿಸಿ ಕೊಟ್ಟರೆ ಮೂಳೆ ಗಟ್ಟಿಯಾದೀತೇ ಎಂದು ನೋಡಲು ಅಲ್ಲೊಂದು ಅಧ್ಯಯನ ನಡೆದಿತ್ತು; ಅವಳೂ ಅದಕ್ಕೆ ಸೇರಿದ್ದಳು. ಅರ್ಧ ಜನಕ್ಕೆ ಹೆಚ್ಚಿನ ವಿಟಮಿನ್, ಉಳಿದವರಿಗೆ ನೋಡಲು ಹಾಗೇ ಇರುವ ಬರೀ ಎಣ್ಣೆಯ ಗುಳಿಗೆ. ಯಾರದ್ದು ಯಾವುದು ಎಂದು ಶೀಶೆ ಕೊಡುವ ಅವನಿಗೂ ಗೊತ್ತಿರಲಿಲ್ಲ.

ಅವಳು ಬಟ್ಟೆ ಹೊಲಿಯುವವಳು. ತಿಂಗಳಿಗೊಮ್ಮೆ ಬಂದು ಉಳಿದ ಗುಳಿಗೆ ಒಪ್ಪಿಸುವಾಗ, ಮರೆತ ದಿನಗಳನ್ನು ತಾನಾಗಿಯೇ ಹೇಳುತ್ತಿದ್ದಳು. ಮುಂದೆ ಬರುವ ಹುಡುಗಿಯರಿಗಾಗಿ ಇದನ್ನು ನುಂಗುತ್ತಿದ್ದೇನೆ, ಸುಳ್ಳು ಬೆರೆತರೆ ಅವರಿಗೆ ಮೋಸ ಅನ್ನುತ್ತಿದ್ದಳು. ಅವಳು ಬರುವ ದಿನ ಇವನ ಅಂಗಿ ಇಸ್ತ್ರಿ ಕಾಣುವುದನ್ನು ನರ್ಸ್ ಅಕ್ಕ ಮೊದಲು ಕಂಡುಹಿಡಿದಳು. ಆರನೇ ತಿಂಗಳಿಗೆ ಭಾನುವಾರಗಳೂ ಅವರಿಬ್ಬರದಾದವು. ಅವಳ ಹೊಲಿಗೆ ಕೋಣೆಯ ಪರದೆ ಎಳೆದು, ಅವನು ತಂದ ಫ್ಲಾಸ್ಕಿನ ಹಾಲನ್ನು ಹಂಚಿಕೊಂಡು ಕುಡಿಯುತ್ತಿದ್ದರು.

ವರ್ಷ ದಾಟಿದ ಮೇಲೆ ಅದೇ ಅಧ್ಯಯನದ ಹದಿನೇಳರ ಹುಡುಗಿಯೊಬ್ಬಳು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಅವನಿಗೆ ಆಮೇಲೆ ಒಂದೇ ಯೋಚನೆ. ತಾನು ಪ್ರೀತಿಸಿದವಳಿಗೂ ಬರೀ ಎಣ್ಣೆ ಬರುತ್ತಿದ್ದರೆ? ಹೊರಗಿನ ಅಂಗಡಿಯಿಂದ ವಿಟಮಿನ್ ಡ್ರಾಪ್ಸ್ ತಂದು, ಅವಳ ಲೋಟದ ಹಾಲಿಗೆ ಗುಟ್ಟಾಗಿ ಹಾಕತೊಡಗಿದ. ಅಕ್ಕರೆಗೆಲ್ಲಿ ಅಳತೆ? ಎರಡು ಹನಿ ಹತ್ತಾಯಿತು, ಹತ್ತು ಹನಿ ಒಂದು ಚಮಚವಾಯಿತು.

ಒಂದು ಸೋಮವಾರ ಅವಳು ಕಿಟಕಿಗೆ ಬಂದಾಗ ಮುಖ ಬಾಡಿತ್ತು. ವಾರದಿಂದ ವಾಂತಿ. ವಿಟಮಿನ್ ಡಿ ಮಿತಿಮೀರಿದಾಗ ಆಗುವಂತೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿತ್ತು. ಬೇರೇನು ತಗೊಳ್ತಿದ್ದೀಯಮ್ಮ ಎಂದು ಡಾಕ್ಟರು ಮೂರು ಸಲ ಕೇಳಿದ್ದರಂತೆ.

"ಕಳ್ಳಿಯನ್ನ ನೋಡೋ ಹಾಗೆ ನೋಡಿದ್ರು," ಅಂದಳು. "ಅಮ್ಮನಾಣೆ ಏನೂ ಇಲ್ಲ ಅಂದುಬಿಟ್ಟೆ."

ಅವನು ಕಿಟಕಿ ಮುಚ್ಚಿ ಹೊರಗೆ ಬಂದ. ಗೋಡೆ ಪಕ್ಕದ ಬೆಂಚಿನಲ್ಲಿ ಕೂತು, ಒಂದೂ ಬಿಡದೆ ಹೇಳಿದ.

ಅವಳು ಅಳಲಿಲ್ಲ.

"ನನ್ನ ಮೂಳೆ ಗಟ್ಟಿಯಾಗಲಿ ಅಂದ್ಕೊಂಡ್ರಿ. ಆ ಮೂಳೆ ಮೇಲೊಬ್ಬಳು ಇದ್ದಾಳೆ, ಅವಳನ್ನ ಒಂದು ಮಾತು ಕೇಳಲೇ ಇಲ್ಲ."

ಇನ್ನು ಅಧ್ಯಯನದಲ್ಲಿ ಅವಳ ಲೆಕ್ಕ ಬರುವುದಿಲ್ಲ, ಒಂದೂವರೆ ವರ್ಷ ನುಂಗಿದ್ದು ಯಾರಿಗೂ ಉಪಯೋಗವಿಲ್ಲ. ಅವನ ಕೆಲಸವೂ ಉಳಿಯುವುದಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು. ಡಾಕ್ಟರಿಗೆ ಈಗಲೇ ಬರೆದುಕೊಡಿ, ನಾನು ಇಲ್ಲೇ ಕೂತಿರ್ತೀನಿ ಅಂದಳು.

ಅವನು ಬರೆದ. ಅವಳಿಗೆ ಏನೂ ತಿಳಿದಿರಲಿಲ್ಲ, ರೋಗಿಯ ಮೇಲಿನ ಕಾಳಜಿಯಿಂದ ನಾನೇ ಮಾಡಿದೆ, ಎಂದು. ಅವಳು ನಿಧಾನವಾಗಿ ಓದಿದಳು. ಅವನ ಕೈಯಿಂದ ಪೆನ್ನು ತೆಗೆದುಕೊಂಡು 'ರೋಗಿಯ ಮೇಲಿನ ಕಾಳಜಿ' ಎಂಬುದನ್ನು ಹೊಡೆದುಹಾಕಿ, ಮೇಲೆ 'ಪ್ರೀತಿ' ಎಂದು ಬರೆದಳು.

"ಇದೊಂದಾದ್ರೂ ನಿಜ ಇರಲಿ," ಅಂದಳು. "ಭಾನುವಾರ ಬರಬೇಡಿ."

ಕಾಗದವನ್ನು ಅವನ ಕೈಗಿಟ್ಟು ಮೆಟ್ಟಿಲಿಳಿದು ಹೋದಳು. ಡಾಕ್ಟರ ಕೋಣೆ ಕಾರಿಡಾರಿನ ಕೊನೆಗಿತ್ತು. ಅವನು ಅತ್ತ ನಡೆದ, ಅವಳು ಬರೆದ ಅಕ್ಷರದ ಮಸಿ ಅಳಿಸದ ಹಾಗೆ ಬೆರಳು ದೂರವಿಟ್ಟುಕೊಂಡು.